ಕೆಂಪಿನಲ್ಲಿ ಬರೆದ ಹೆಸರು

ಆ ವರ್ಷ ಹಂಗುಲ್ ದಿನ ಭಾನುವಾರ ಬಂದಿತ್ತು. ಹಿಂದೊಬ್ಬ ರಾಜ ನಮ್ಮ ಹಂಗುಲ್ ಅಕ್ಷರಗಳನ್ನು ಮಾಡಿಕೊಟ್ಟ ದಿನವೆಂದು ದೇಶಕ್ಕೆಲ್ಲ ರಜೆ. ಆದರೆ ಭಾನುವಾರದ ಮೇಲೆ ಬಿದ್ದ ರಜೆಯನ್ನು ಯಾರೂ ರಜೆಯೆಂದು ಎಣಿಸುವುದಿಲ್ಲ. ಸೊಲ್ಪೊ ಬಂದರಿನಲ್ಲಿ ಸಿಂಪಿಯ ಚಿಪ್ಪು ಬಿಡಿಸುವ ಕಾಲ ಆಗಷ್ಟೇ ಶುರುವಾಗಿತ್ತು. ಶೆಡ್ಡಿನ ಹೆಂಗಸರು ಕ್ಯಾಲೆಂಡರ್ ನೋಡಿ ರಾಜನನ್ನೇ ಬೈದರು.

"ಅಕ್ಷರ ಮಾಡಿದ್ದು ಮಾಡಿದ, ಒಂದು ದಿನ ತಡವಾಗಿ ಮಾಡಿದ್ರೆ ಇವನ ಗಂಟೇನು ಹೋಗ್ತಿತ್ತು? ಸೋಮವಾರ ಮಲಗಬಹುದಿತ್ತು."

ನಾನು ರಸಾಯನಶಾಸ್ತ್ರ ಓದಿದವಳು. ಹೆಸರು ಯೆರಿಮ್. ಕಡಲ ನೀರನ್ನು ಪರೀಕ್ಷಿಸುವ ಸಣ್ಣ ಪ್ರಯೋಗಾಲಯವೊಂದರಲ್ಲಿ ನನ್ನ ಗುತ್ತಿಗೆ ಮುಗಿದಿತ್ತು. ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಎರಡು ಸಲ ಸೋತಿದ್ದೆ. ಮೂರನೆಯ ಸಲ ಓದಲು ಕುಳಿತರೆ ಪುಸ್ತಕದ ಸಾಲುಗಳು ಕಣ್ಣಿನ ಮುಂದೆ ಹರಿದು ಹೋಗುತ್ತಿದ್ದವು. ಆಗ ಸಿಕ್ಕಿದ್ದು ಊರಿನ ಕಲ್ಯಾಣ ಕೇಂದ್ರದಲ್ಲಿ ಅಜ್ಜಿಯರಿಗೆ ಓದುಬರಹ ಕಲಿಸುವ ಕೆಲಸ. ಚಿಕ್ಕವರಿದ್ದಾಗ ತಮ್ಮಂದಿರನ್ನು ಬೆನ್ನಿಗೆ ಕಟ್ಟಿಕೊಂಡು ಹೊಲದ ಕಳೆ ಕಿತ್ತವರು, ಆ ತಮ್ಮಂದಿರು ಶಾಲೆಗೆ ಹೋದಾಗ ಬಾಗಿಲಲ್ಲಿ ನಿಂತು ನೋಡಿದವರು. ಈಗ ಮಂಡಿ ನೋವಿನ ಪಟ್ಟಿ ಅಂಟಿಸಿಕೊಂಡು, ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ಬರುತ್ತಿದ್ದರು.

ಅವರಲ್ಲಿ ಒಬ್ಬರು ಮಾಲ್ಸುನ್ ಅಜ್ಜಿ. ಅವರ ಮನೆಯ ಹೊರಗಿನ ಕೋಣೆಯಲ್ಲೇ ನಾನು ಬಾಡಿಗೆಗಿದ್ದೆ. ಮನೆಯಲ್ಲಿ ಇದ್ದದ್ದು ಇಬ್ಬರು, ಅಜ್ಜಿ ಮತ್ತು ಅವರ ಸೊಸೆ ಯೊನ್ಸಿಲ್. ಮೂರನೆಯವನೊಬ್ಬನಿದ್ದ, ಅವನು ಇರುವುದು ಹೊಸಿಲಿನ ಬಳಿ ಇಟ್ಟ ಒಂದು ಜೊತೆ ರಬ್ಬರ್ ಬೂಟುಗಳಿಂದ ಮಾತ್ರ ಗೊತ್ತಾಗುತ್ತಿತ್ತು.

ಅಜ್ಜಿಯ ಮಗ ತೇಗ್ಯು ಈಲು ಮೀನಿನ ದೋಣಿಯಲ್ಲಿ ಹೋದವನು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹನ್ನೊಂದು ವರ್ಷವಾಗಿತ್ತು. ಪ್ರತಿ ಬೇಸಿಗೆಯಲ್ಲಿ ಅವನ ಹುಟ್ಟಿದ ದಿನ ಅಜ್ಜಿ ಕಡಲಪಾಚಿಯ ಸಾರು ಮಾಡಿ, ಅನ್ನದ ಬಟ್ಟಲಿನ ಬಲಕ್ಕೆ ಚಮಚ ಇಟ್ಟು, ಅವನ ಜಾಗದಲ್ಲಿ ಬಡಿಸುತ್ತಿದ್ದರು. ಸಾರು ಆರಿ, ಮೇಲೆ ಎಣ್ಣೆಯ ಕೆನೆ ಕಟ್ಟಿದ ಮೇಲೆ ಸೊಸೆ ಅದನ್ನು ಮಾತಿಲ್ಲದೆ ಕುಡಿದು ಬಟ್ಟಲು ತೊಳೆಯುತ್ತಿದ್ದರು. ಹುಟ್ಟುಹಬ್ಬ ಬದುಕಿರುವವರಿಗೆ. ಸತ್ತವರಿಗೆ ಎಡೆ. ಆ ಮನೆಯಲ್ಲಿ ಹಿರಿಯರೆಲ್ಲರ ಎಡೆ ತಪ್ಪದೆ ನಡೆಯುತ್ತಿತ್ತು, ತೇಗ್ಯುವಿನದು ಮಾತ್ರ ಇಲ್ಲ. ಮೂರನೆಯ ವರ್ಷದ ಸುಗ್ಗಿಹಬ್ಬದಲ್ಲಿ ಅವನ ದೊಡ್ಡಪ್ಪನ ಮಗ, "ಚಿಕ್ಕಮ್ಮ, ಅವನಿಗೂ ಒಂದು ಬಟ್ಟಲು ಇಡೋಣವಾ?" ಎಂದು ಕೇಳಿದ್ದನಂತೆ. ಅಜ್ಜಿ ಎಡೆಯ ಮೇಜನ್ನೇ ಮಗುಚಿ ಹಾಕಿದರು. ಪೇರ್ ಹಣ್ಣುಗಳು ಅಂಗಳದವರೆಗೆ ಉರುಳಿದವು. ಅಂದಿನಿಂದ ಆ ಮಾತನ್ನು ಯಾರೂ ಎತ್ತಿರಲಿಲ್ಲ.

ಇದನ್ನೆಲ್ಲ ನನಗೆ ಹೇಳಿದವರು ಯೊನ್ಸಿಲ್. ಮಣಿಕಟ್ಟಿಗೆ ನೋವಿನ ಪಟ್ಟಿ ಅಂಟಿಸಿಕೊಳ್ಳುತ್ತಾ, ಹಲ್ಲಿನಿಂದ ಅದರ ಹಾಳೆ ಹರಿಯುತ್ತಾ ಹೇಳಿದ್ದರು.

"ನಾನು ಹೆಂಡತಿನೂ ಅಲ್ಲ, ವಿಧವೆನೂ ಅಲ್ಲ ಟೀಚರ್. ಒಂದು ಜೊತೆ ಬೂಟಿಗೆ ಕಾವಲುಗಾರ್ತಿ."

"ಅಜ್ಜಿ ಹತ್ರ ನೀವೇ ಒಂದು ಸಲ ಮಾತಾಡಬಹುದಲ್ವಾ?"

"ಅಯ್ಯೋ, ಆ ತಾಯಿ ಎದುರಿಗೆ ನಿಂತು 'ನಿಮ್ಮ ಮಗ ಸತ್ತ' ಅನ್ನೋ ಬಾಯಿ ನಂದಲ್ಲ. ಅವರೇ ಒಂದು ಸಲ 'ಹೋದ ಬಿಡು' ಅಂದ್ರೆ ಸಾಕು. ನನಗೇನು ಬೇರೆ ಮದುವೆ ಬೇಕಾ, ಆಸ್ತಿ ಬೇಕಾ? ಮಲಗಿ ನಿದ್ದೆ ಮಾಡಬೇಕು. ಬಾಗಿಲ ಸದ್ದಿಗೆ ಎಚ್ಚರ ಆಗದೆ ಇರೋ ಹಾಗೆ ಒಂದು ನಿದ್ದೆ."

ಅವರ ಕಣ್ಣುಗಳ ಕೆಳಗಿನ ಕಪ್ಪನ್ನು ನಾನು ಆವರೆಗೆ ಸಿಂಪಿ ಶೆಡ್ಡಿನ ಕೆಲಸಕ್ಕೆ ಸೇರಿದ್ದೆಂದು ಭಾವಿಸಿದ್ದೆ.

ಹಂಗುಲ್ ದಿನಕ್ಕೆ ಬಂದರಿನ ಕಟ್ಟೆಯ ಮೇಲೆ ಅಜ್ಜಿಯರ ಪದ್ಯಗಳ ಪ್ರದರ್ಶನ ಏರ್ಪಾಡಾಗಿತ್ತು. ಒಬ್ಬೊಬ್ಬರಿಗೂ ಒಂದು ದಪ್ಪ ಹಾಳೆ. ಮೇಲೆ ಪದ್ಯ, ಕೆಳಗೆ ಚಿತ್ರ, ಎಲ್ಲವೂ ಅವರ ಕೈಯಲ್ಲೇ ಆಗಬೇಕು. ನಾನು ಬಣ್ಣದ ಕ್ರೇಯಾನುಗಳನ್ನು ಮೇಜಿನ ಮೇಲೆ ಹರಡಿದ ದಿನ ತರಗತಿ ಸಂತೆಯಾಯಿತು. ಬುನಿ ಅಜ್ಜಿ ಎಂಬವರು ಗಂಡನ ಬಗ್ಗೆ ಪದ್ಯ ಬರೆಯಲು ಹೊರಟು, ಕೈಗೆ ಸಿಕ್ಕ ಕೆಂಪು ಕ್ರೇಯಾನಿನಿಂದಲೇ ಅವನ ಹೆಸರಿನ ಮೊದಲ ಗೆರೆ ಎಳೆದರು. ಪಕ್ಕದವರು ಅವರ ಕೈ ಮೇಲೆ ಪಟ್ಟೆಂದು ಹೊಡೆದರು.

"ಏಯ್! ಬದುಕಿರೋನ ಹೆಸರು ಕೆಂಪಲ್ಲಿ ಬರೀತಾರೇನೇ? ಗಂಡನ್ನ ಸಾಯಿಸ್ತೀಯಾ?"

"ಕೆಂಪಲ್ಲಿ ಬರೆದ್ರೆ ಸಾಯೋ ಹಾಗಿದ್ರೆ," ಎಂದರು ಬುನಿ ಅಜ್ಜಿ, "ನಾನು ಮದುವೆಯಾದ ವರ್ಷಾನೇ ಅಕ್ಷರ ಕಲೀತಿದ್ದೆ ಕಣೇ."

ಕೋಣೆಯೆಲ್ಲ ನಗು. ಒಬ್ಬರಿಗೆ ಹಲ್ಲಿನ ಸೆಟ್ಟು ಜಾರಿತು. ಕಿಟಕಿಯ ಬಳಿ ಕುಳಿತ ಮಾಲ್ಸುನ್ ಅಜ್ಜಿ ಮಾತ್ರ ನಗಲಿಲ್ಲ. ಅವರಿಗೆ ಎಡಕಿವಿ ಕೇಳಿಸುವುದಿಲ್ಲ, ಆ ಮಾತು ನಡೆದದ್ದು ಅವರ ಎಡಕ್ಕೆ. ಕೇಳಿಸಲಿಲ್ಲವೆಂದು ನಾನು ತೀರ್ಮಾನಿಸಿದೆ. ಅವರು ಮೊಣಕೈಯನ್ನು ಹಾಳೆಗೆ ಅಡ್ಡ ಇಟ್ಟುಕೊಂಡು, ಪರೀಕ್ಷೆಯಲ್ಲಿ ನಕಲು ಮಾಡುವವರಿಂದ ಕಾಪಾಡಿಕೊಳ್ಳುವ ಹುಡುಗಿಯಂತೆ ಬರೆಯುತ್ತಿದ್ದರು.

"ಏನೇ ಜಿಂದೋದವಳೇ," ಎಂದು ಬುನಿ ಅಜ್ಜಿ ತವರೂರಿನ ಹೆಸರು ಹಿಡಿದು ಕೂಗಿದರು, "ಪ್ರೇಮಪತ್ರಾನಾ? ನಮಗೂ ತೋರಿಸು."

"ಭಾನುವಾರ ನೋಡುವಿಯಂತೆ," ಎಂದರು ಮಾಲ್ಸುನ್ ಅಜ್ಜಿ. ಅಂದರೆ ಬಲಕಿವಿ ಸಾಕಷ್ಟು ಚೆನ್ನಾಗಿಯೇ ಕೇಳುತ್ತಿತ್ತು. ನಾನು ಅದನ್ನು ಗಮನಿಸಬೇಕಾಗಿತ್ತು.

ಶುಕ್ರವಾರ ಹಾಳೆಗಳನ್ನು ಹಲಗೆಗೆ ಅಂಟಿಸುವಾಗ ಅಜ್ಜಿಯ ಪದ್ಯ ನನ್ನ ಕೈಗೆ ಬಂತು. ಅಕ್ಷರಗಳು ದೊಡ್ಡವು, ಪ್ರತಿಯೊಂದೂ ತನ್ನ ಪಕ್ಕದವರನ್ನು ನಂಬದಂತೆ ದೂರ ದೂರ ನಿಂತಿದ್ದವು.

ಯಾಂಗ್ ತೇಗ್ಯು
ನಿನ್ನ ಹೆಸರು ಬರೆಯಲು ಕಲಿತೆ
ಹೊಸ ಅಕ್ಕಿ ಬಂದಿದೆ
ನೀರು ತಣ್ಣಗಿತ್ತೇನೋ
ಬಿಸಿ ಇರುವಾಗಲೇ ಬಾ

ಕೆಳಗೆ ಒಂದು ಚಿತ್ರ. ದುಂಡು ತಳದ ದೋಣಿ, ನಡುವೆ ನೆಟ್ಟ ಪಟಗಂಬ. ಹಾಗೆಂದು ನಾನು ತಿಳಿದೆ. ಪದ್ಯವೆಲ್ಲ ಕಪ್ಪಿನಲ್ಲಿತ್ತು. ಮೊದಲ ಸಾಲು, ಮಗನ ಹೆಸರು, ಕೆಂಪಿನಲ್ಲಿ.

ಕೇಂದ್ರದ ಮೇಲ್ವಿಚಾರಕ ಗುಕ್ ಸರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಆ ವಾರದ ಚಂಡಮಾರುತ ಕಟ್ಟೆಯ ಮೇಲಿನ ಡೇರೆಗಳನ್ನು ಕಿತ್ತು ಹಾಕಿತ್ತು, ಅವರು ನಿದ್ದೆಗೆಟ್ಟಿದ್ದರು.

"ಇದೇನ್ರೀ ಯೆರಿಮ್? ಕಾಣೆಯಾದೋನ ಹೆಸರು ಕೆಂಪಲ್ಲಿ! ಹಬ್ಬದ ದಿನ ಇಡೀ ಊರು ನೋಡುತ್ತೆ. ನಾಳೆ ಯಾರಾದ್ರೂ ಬಂದು 'ಮುದುಕಿ ಕೈಲಿ ಮಗನ್ನ ಸಾಯಿಸಿದ್ರಿ' ಅಂದ್ರೆ ನಾನು ಎಲ್ಲಿ ಮುಖ ಮುಚ್ಚಿಕೊಳ್ಳಲಿ?"

"ಅಜ್ಜಿ ಕೈಯಾರೆ ಬರೆದದ್ದು ಸರ್. ಕೇಳದೆ ಹೇಗೆ ಬದಲಾಯಿಸೋದು?"

"ಹಾಗಾದ್ರೆ ಕೇಳಿ. ನೀವು ಅದೇ ಮನೇಲಿದೀರಲ್ಲ."

ನಾನು ಅಜ್ಜಿಯನ್ನು ಕೇಳಲಿಲ್ಲ. ಸೊಸೆಯ ಬಳಿ ಹೋದೆ. ಶೆಡ್ಡಿನ ನೆಲ ನೀರು, ಗಾಳಿಯೆಲ್ಲ ಉಪ್ಪು. ಯೊನ್ಸಿಲ್ ಎರಡು ಜೊತೆ ಗ್ಲೋವ್ಸಿನ ಮೇಲೆ ರಬ್ಬರಿನದೊಂದು ಹಾಕಿಕೊಂಡು, ಚಿಪ್ಪಿನ ಸಂದಿಗೆ ಚಾಕು ತೂರಿಸಿ, ತಿರುವಿ, ಮಾಂಸ ಬಿಡಿಸಿ ಬಕೆಟ್ಟಿಗೆ ಹಾಕುತ್ತಿದ್ದರು. ನಾನು ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದೆ. ಅವರ ಕೈ ನಿಂತಿತು. ಗ್ಲೋವ್ಸ್ ಒಂದೊಂದಾಗಿ ಕಳಚಿ, ಏಪ್ರನ್ನಿಗೆ ಬೆರಳು ಒರೆಸಿ, ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡರು. ಒಂದು ಕ್ಷಣ ಅವರ ಮುಖ ಬಿಚ್ಚಿಕೊಂಡಿತು, ಭಾರ ಇಳಿಸಲು ಯಾರೋ ಕೈ ಚಾಚಿದಾಗ ಆಗುವಂತೆ. ಮರುಕ್ಷಣ ಮುಚ್ಚಿಕೊಂಡಿತು.

"ಗೊತ್ತಿಲ್ಲದೆ ಬರ್ದಿದಾರೆ," ಎಂದರು.

"ಗೊತ್ತಿದ್ದೇ ಬರೆದಿದ್ರೆ?"

"ಟೀಚರ್, ನೀವು ಹೋದ ವರ್ಷ ಬಂದವರು. ಅಂಚೆಯವನು 'ತೇಗ್ಯು ಇದಾನಾ' ಅಂದ್ರೆ ಇವತ್ತಿಗೂ 'ಹೊರಗೆ ಹೋಗಿದಾನೆ, ನಾನೇ ತಗೋತೀನಿ' ಅಂತಾರೆ. ಅಂಥವರು ಗೊತ್ತಿದ್ದು ಬರೀತಾರಾ? ಅಕ್ಷರಾನೇ ಈಗ ಕಲಿತವರಿಗೆ ಯಾವ ಬಣ್ಣದಲ್ಲಿ ಏನು ಬರೀಬಾರದು ಅಂತ ಯಾರು ಹೇಳಿಕೊಟ್ಟಿದಾರೆ?"

"ಒಂದು ಮಾತು ಕೇಳಿಬಿಡೋಣ."

"ಏನಂತ ಕೇಳ್ತೀರಾ? 'ಅಜ್ಜಿ, ಮಗ ಇದಾನಾ ಸತ್ತಿದಾನಾ' ಅಂತಾನಾ?" ಅವರು ಗ್ಲೋವ್ಸ್ ಮತ್ತೆ ಎಳೆದುಕೊಂಡರು. "ಕಟ್ಟೆ ಮೇಲೆ ಎಲ್ಲರ ಎದುರಿಗೆ ಆ ಬುನಿ ಅಜ್ಜಿ ಬಾಯಿ ಬಿಟ್ರೆ ಸಾಕು, ಅತ್ತೆ ಅಲ್ಲೇ ಕುಸಿದು ಬೀಳ್ತಾರೆ. ಎತ್ತಿಕೊಂಡು ಬರೋಳು ನಾನು. ಕಪ್ಪು ಮಾಡಿಬಿಡಿ ಟೀಚರ್, ಪುಣ್ಯ ಬರುತ್ತೆ."

ಕ್ರೇಯಾನು ಎಂದರೆ ಮೇಣದಲ್ಲಿ ಕಲಸಿದ ಬಣ್ಣ. ಮೇಣದ ಮೇಲೆ ಮೇಣ ಹತ್ತುವುದಿಲ್ಲ. ಕೆಂಪಿನ ಮೇಲೆ ಕಪ್ಪು ಬಳಿದರೆ ಜಾರಿ, ಕಂದಾಗಿ ನಿಲ್ಲುತ್ತದೆ. ಆದ್ದರಿಂದ ಮೊದಲು ಬ್ಲೇಡನ್ನು ಓರೆಯಾಗಿ ಹಿಡಿದು ಕೆಂಪನ್ನು ಹೆರೆದೆ. ಹಾಳೆ ಹರಿಯದಂತೆ, ಗೆರೆಗಳ ಅಂಚು ಕೆಡದಂತೆ. ಆಮೇಲೆ ಅಜ್ಜಿಯ ಕೈ ಎಲ್ಲಿ ಒತ್ತಿತ್ತೋ ಅಲ್ಲಿ ಒತ್ತಿ, ಎಲ್ಲಿ ನಡುಗಿತ್ತೋ ಅಲ್ಲಿ ನಡುಗಿಸಿ, ಕಪ್ಪು ತುಂಬಿದೆ. ಕೆಂಪಿನ ಒಂದೆರಡು ಎಳೆ ಕಾಗದದ ನಾರಿನೊಳಗೆ ಸಿಕ್ಕಿಕೊಂಡವು, ಬರಲಿಲ್ಲ. ದೂರದಿಂದ ಕಾಣುವಂತಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು. ಹಲಗೆಯನ್ನು ಉಳಿದವುಗಳ ಸಾಲಿನಲ್ಲಿ ನಿಲ್ಲಿಸಿ ದೀಪ ಆರಿಸಿದೆ.

ಭಾನುವಾರ ನಾನು ಎದ್ದಾಗ ಅಜ್ಜಿ ಅಡುಗೆಮನೆಯಲ್ಲಿದ್ದರು. ಹೊಸ ಅಕ್ಕಿಯ ಅನ್ನ, ಮೂಲಂಗಿ ಹಾಕಿದ ದನದ ಮಾಂಸದ ತಿಳಿಸಾರು, ಬೇಯಿಸಿದ ಒಣಮೀನು, ಮೂರು ಬಗೆಯ ಸೊಪ್ಪು ಮತ್ತು ಬೇರಿನ ಪಲ್ಯ. ಪೇರ್ ಹಣ್ಣುಗಳ ತಲೆಭಾಗ ಕತ್ತರಿಸಿ ಇಟ್ಟಿದ್ದರು. ಕಟ್ಟೆಯ ಮೇಲೆ ಹಂಚಿ ತಿನ್ನುವ ಊಟಕ್ಕೆ ಇಷ್ಟೊಂದೇ ಎಂದುಕೊಂಡೆ. ಯೊನ್ಸಿಲ್ ಕಣ್ಣುಜ್ಜುತ್ತಾ ಬಂದು ಒಂದೆಳೆ ಸೊಪ್ಪು ಬಾಯಿಗೆ ಹಾಕಿಕೊಂಡರು.

"ಅತ್ತೆ, ಬೆಳ್ಳುಳ್ಳಿ ಮರ್ತಿದೀರಿ. ಮೆಣಸಿನಪುಡಿನೂ ಇಲ್ಲ."

"ಮರ್ತಿಲ್ಲ."

ಎಡೆಯ ಅಡುಗೆಗೆ ಬೆಳ್ಳುಳ್ಳಿ, ಮೆಣಸಿನಪುಡಿ ಹಾಕುವುದಿಲ್ಲ. ಇದು ಆ ಮನೆಯ ಸೊಸೆಗೆ ಗೊತ್ತಿಲ್ಲದ್ದಲ್ಲ. ಅವರು ಅಗಿಯುವುದನ್ನು ನಿಲ್ಲಿಸಿ ಅತ್ತೆಯ ಬೆನ್ನನ್ನು ನೋಡಿದರು. ಅಷ್ಟರಲ್ಲಿ ಶೆಡ್ಡಿನ ಮೇಸ್ತ್ರಿಯ ಫೋನು ಬಂತು: ಹಬ್ಬದ ದಿನವಾದರೂ ಸಂಜೆ ಒಂದು ಲೋಡು ಇದೆ, ಬರ್ತೀಯಾ? "ನೋಡ್ತೀನಿ" ಎಂದು ಇಟ್ಟು, ನನ್ನ ಕಡೆ ತಿರುಗಿ, ಅತ್ತೆಗೆ ವಯಸ್ಸಾಯಿತೆಂದು ಕಣ್ಣಿನಲ್ಲೇ ಹೇಳಿದರು.

ಕಟ್ಟೆಯ ಮೇಲೆ ಗಾಳಿ ಬಲವಾಗಿತ್ತು. ಧ್ವಜಗಳು ಕಂಬಕ್ಕೆ ಸುತ್ತಿಕೊಂಡಿದ್ದವು. ಧ್ವನಿವರ್ಧಕದಲ್ಲಿ ಯಾರೋ ರಾಜನ ದೂರದೃಷ್ಟಿಯ ಬಗ್ಗೆ ಮಾತಾಡುತ್ತಿದ್ದರು. ಕೇಳುತ್ತಿದ್ದವರು ಮಡಚುವ ಕುರ್ಚಿಗಳ ಮೇಲೆ ತೂಕಡಿಸುತ್ತಿದ್ದರು.

"ಅಕ್ಷರ ಕೊಟ್ಟ ಪುಣ್ಯಾತ್ಮ," ಎಂದರು ಬುನಿ ಅಜ್ಜಿ ಮಂಡಿ ತಿಕ್ಕಿಕೊಳ್ಳುತ್ತಾ, "ಮಂಡಿಗೂ ಏನಾದ್ರೂ ಕೊಟ್ಟಿದ್ರೆ ಇನ್ನೊಂದು ರಜೆ ನಾನೇ ಕೊಡ್ತಿದ್ದೆ." ಆಮೇಲೆ ದಾರಿಯ ಕಡೆ ನೋಡಿ, "ಅಲ್ನೋಡ್ರೇ, ಜಿಂದೋದವಳು ಬಂದ್ಲು! ಇದೇನೇ ಬಿಳಿ ಉಟ್ಕೊಂಡು?"

ಮಾಲ್ಸುನ್ ಅಜ್ಜಿ ಪೆಟ್ಟಿಗೆಯ ತಳದಿಂದ ತೆಗೆದ ಹಳೆಯ ಕಾಲದ ಉಡುಪು, ಬಿಳಿ ಹನ್‌ಬೊಕ್ ಉಟ್ಟಿದ್ದರು. ಮಡಿಕೆಯ ಗೆರೆಗಳು ಇನ್ನೂ ಹಾಗೆಯೇ ಇದ್ದವು. ಪಕ್ಕದಲ್ಲಿ ಯೊನ್ಸಿಲ್ ಬರಿಗೈಯಲ್ಲಿ. ಅಡುಗೆಯನ್ನು ತರಬೇಡ, ಮನೆಯಲ್ಲೇ ಇರಲಿ ಎಂದು ಅತ್ತೆ ಹೇಳಿದ್ದರಂತೆ. ಅಜ್ಜಿ ಯಾರ ಪದ್ಯವನ್ನೂ ನೋಡದೆ ಸಾಲಿನ ಕೊನೆಗೆ, ತಮ್ಮ ಹಲಗೆಯ ಮುಂದೆ ಬಂದು ನಿಂತರು. ಸೊಸೆಯ ಮೊಣಕೈ ಹಿಡಿದು ಮುಂದಕ್ಕೆ ತಳ್ಳಿದರು.

"ಓದು," ಎಂದರು.

ಹಾಗೆ ಹೇಳಿದ ಮೇಲೆ ತಾವೂ ನೋಡಿದರು.

ಅಜ್ಜಿ ಬೆರಳು ಚಾಚಿ ಮೊದಲ ಸಾಲನ್ನು ಮುಟ್ಟಿದರು. ಬೆರಳಿಗೆ ಅಂಟಿದ ಕಪ್ಪನ್ನು ನೋಡಿದರು. ಆಮೇಲೆ ದೋಣಿಯ ಹಗ್ಗ ಕಟ್ಟುವ ಕಲ್ಲಿನ ಮೇಲೆ ಮೆಲ್ಲನೆ ಕುಳಿತುಬಿಟ್ಟರು, ದಿನವಿಡೀ ಹೊತ್ತು ತಂದದ್ದನ್ನು ಬೇರೆ ಮನೆಯ ಬಾಗಿಲಿಗೆ ತಂದಿದ್ದೇವೆಂದು ಗೊತ್ತಾದವರಂತೆ.

"ಯಾರು ಮಾಡಿದ್ದು ಇದು?"

"ನಾನು ಅಜ್ಜಿ," ಎಂದೆ.

"ನಾನು ಹೇಳಿ ಮಾಡಿಸಿದ್ದು ಅತ್ತೆ. ಟೀಚರದ್ದೇನೂ ತಪ್ಪಿಲ್ಲ. ನೀವು ಗೊತ್ತಿಲ್ಲದೆ ಕೆಂಪಲ್ಲಿ..." ಎಂದರು ಯೊನ್ಸಿಲ್.

"ಅಕ್ಷರ ಗೊತ್ತಿರ್ಲಿಲ್ಲ ಅಂತ ಕೆಂಪೂ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ?" ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಮಾಡಲು ಬೇಕಾದಷ್ಟು ಉಸಿರೂ ಇರಲಿಲ್ಲ. "ನಮ್ಮಪ್ಪ ಸತ್ತಾಗ ಕಚೇರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದು ನೋಡಿದೀನಿ ನಾನು. ಆರು ವರ್ಷದೋಳು."

ಧ್ವನಿವರ್ಧಕ ಚಪ್ಪಾಳೆ ಕೇಳಿತು. ಅಲ್ಲಲ್ಲಿ ತಟ್ಟಿದರು.

"ಇವತ್ತು ಯಾವ ದಿನ ಹೇಳು," ಎಂದರು ಅಜ್ಜಿ.

"ಹಂಗುಲ್ ದಿನ."

"ಅದು ದೊಡ್ಡ ಅಕ್ಷರದಲ್ಲಿರೋದು. ಕ್ಯಾಲೆಂಡರಲ್ಲಿ ಕೆಳಗೆ ಸಣ್ಣದಾಗಿ ಬರ್ದಿರುತ್ತಲ್ಲ, ಚಂದ್ರನ ಲೆಕ್ಕ. ಒಂಬತ್ತನೇ ತಿಂಗಳ ಒಂಬತ್ತು. ಸತ್ತ ದಿನ ಗೊತ್ತಿಲ್ಲದವರಿಗೆ ಎಡೆ ಇಡೋ ದಿನ. ಪ್ರತಿ ವರ್ಷ ಬರುತ್ತೆ, ಹೋಗುತ್ತೆ. ಈ ವರ್ಷ ನಾನೇ ಓದಿದೆ. ಎರಡೂ ಒಂದೇ ದಿನ ಬಂದಿದೆ ಅಂತ ಗೊತ್ತಾದಾಗ, ಇದೇ ಇರಲಿ ಅಂದ್ಕೊಂಡೆ."

ಯೊನ್ಸಿಲ್ ಅವರ ತುಟಿ ಅಲ್ಲಾಡಿತು. ಅವರು ಬೆಳಗಿನ ಸೊಪ್ಪಿನ ರುಚಿಯನ್ನು ನೆನೆಯುತ್ತಿದ್ದರೆಂದು ನನಗೆ ಅನಿಸಿತು.

"ಅವನ ಹೆಸರಿಗೆ ಕಾಗದ ಬರ್ತಿತ್ತಲ್ಲ," ಎಂದು ಅಜ್ಜಿ ಮುಂದುವರಿಸಿದರು. "ನೀನು ಓದಿ ಎಸೀತಿದ್ದೆ. ನಾನು ಕಸದಿಂದ ಎತ್ತಿ ಹಾಸಿಗೆ ಕೆಳಗೆ ಇಟ್ಕೋತಿದ್ದೆ. ಅವನೇ ಎಲ್ಲಿಂದಲೋ ಬರ್ದಿರಬಹುದು, ಇವಳು ನನ್ನ ಹತ್ರ ಮುಚ್ಚಿಡ್ತಾಳೆ ಅಂತ. ತಪ್ಪು ತಿಳ್ಕೋಬೇಡ, ಓದೋಕೆ ಬರದವರ ಬುದ್ಧಿ ಹಾಗೇ. ಹೋದ ಚಳಿಗಾಲದಲ್ಲಿ ಎಲ್ಲ ತೆಗೆದು ಓದಿದೆ. ಒಂದೊಂದಕ್ಕೂ ಅರ್ಧ ದಿನ ಆಯ್ತು. ಹೊಟ್ಟೆ ತಪಾಸಣೆಗೆ ಬನ್ನಿ ಅಂತ ಒಂದು. ಟೆಲಿಫೋನಿನವರದ್ದು ಒಂದು. ಮತ್ತೆ ಹೊಟ್ಟೆ ತಪಾಸಣೆ." ಅವರು ತಲೆ ಅಲ್ಲಾಡಿಸಿದರು. "ಒಂದೂ ಅವನದ್ದಲ್ಲ. ಓದೋಕೆ ಬಂದಿರ್ಲಿಲ್ಲ ಅಂದಿದ್ರೆ ನಾನು ಇನ್ನೂ ಕಾಯ್ತಿದ್ದೆನೇನೋ."

ನಾನು ಕಲಿಸಿದ ಅಕ್ಷರಗಳವು.

"ಚಳಿಗಾಲದಲ್ಲೇ ಹೇಳಬಹುದಿತ್ತಲ್ಲ ಅತ್ತೆ," ಎಂದರು ಯೊನ್ಸಿಲ್. "ಬೇಸಿಗೇಲಿ ಮತ್ತೆ ಸಾರು ಮಾಡಿದ್ರಿ. ನಾನು ಮತ್ತೆ ಕುಡಿದೆ."

"ನೀನು ವಾರ ವಾರ ಅವನ ಬೂಟು ಒರೆಸ್ತೀಯ. ಒರೆಸೋಳ ಎದುರಿಗೆ ಹೇಗೆ ಹೇಳಲಿ? ನಿನ್ನ ಕೈ ಇನ್ನೂ ಅವನನ್ನ ಬಿಟ್ಟಿಲ್ಲ ಅಂದ್ಕೊಂಡೆ. ಈಗ ಇದನ್ನೂ ಕಪ್ಪು ಮಾಡಿಸಿದೀಯ." ಅಜ್ಜಿ ಮೇಲೆ ನೋಡಿದರು. "ನಿನಗೆ ಬೇಡ ಅಂದ್ರೆ ಬೇಡ. ಬೇಕಾದ್ರೆ ಇನ್ನೊಂದು ವರ್ಷ ಕಾಯ್ತೀನಿ ನಿನ್ನ ಜೊತೆ."

"ಧೂಳು ಕೂತ್ರೆ ನೀವು ಬೇಜಾರು ಮಾಡ್ಕೋತೀರಿ ಅಂತ ಒರೆಸ್ತಿದ್ದೆ." ಯೊನ್ಸಿಲ್ ಕಲ್ಲಿನ ಪಕ್ಕದಲ್ಲಿ, ಒದ್ದೆ ನೆಲದ ಮೇಲೆಯೇ ಕುಳಿತರು. "ಅತ್ತೆ, ನನಗೆ ಸುಸ್ತಾಗಿದೆ."

"ಗೊತ್ತು."

"ತುಂಬಾ ಸುಸ್ತಾಗಿದೆ."

"ಗೊತ್ತು ಕಣೇ. ಏಳು. ಅನ್ನ ಆರುತ್ತೆ."

ಕಪ್ಪನ್ನು ಮತ್ತೆ ಹೆರೆದರೆ ಈ ಸಲ ಹಾಳೆ ಹರಿಯುತ್ತಿತ್ತು. ಮಕ್ಕಳು ಚಿತ್ರ ಬರೆಯುತ್ತಿದ್ದ ಮೇಜಿನಿಂದ ನಾನು ಒಂದು ಕೆಂಪು ಕ್ರೇಯಾನು ಕೇಳಿ ತಂದೆ. ಅಜ್ಜಿ ಅದನ್ನು ತೆಗೆದುಕೊಂಡು ಸೊಸೆಗೆ ಕೊಟ್ಟರು.

"ನಾನು ಒಂದು ಸಲ ಬರ್ದಾಯ್ತು. ಇದು ನಿನ್ನ ಗಂಡ. ನೀನು ಬರಿ."

ಯೊನ್ಸಿಲ್ ಬರೆದರು. ಚಾಕು ಹಿಡಿದು ಸೋತ ಮಣಿಕಟ್ಟನ್ನು ಎಡಗೈಯಿಂದ ಆನಿಸಿಕೊಂಡು, ಕಪ್ಪು ಹೆಸರಿನ ಕೆಳಗೆ, ಖಾಲಿ ಜಾಗದಲ್ಲಿ. ಅವರ ಅಕ್ಷರ ಅಜ್ಜಿಯದಕ್ಕಿಂತ ಚಿಕ್ಕದು, ಓರೆ. ಹಿಂದೆ ನಿಂತಿದ್ದ ಬುನಿ ಅಜ್ಜಿ ಈಗ ಮುಂದೆ ಬಂದು ಹಲಗೆಯ ಒಂದು ಕೊನೆ ಹಿಡಿದರು.

"ಏನು ನೋಡ್ತೀರೇ, ಇನ್ನೊಂದು ಕಡೆ ಹಿಡೀರಿ. ಮಂಡಿ ಇಲ್ಲದೋಳು ನಾನೊಬ್ಬಳೇ ಹೊರಲಾ?"

ಗುಕ್ ಸರ್ ಓಡಿ ಬಂದರು. "ಅಜ್ಜಿ, ಅಜ್ಜಿ, ಪ್ರದರ್ಶನ ಸಂಜೆವರೆಗೆ ಇದೆ. ಮೇಯರ್ ಇನ್ನೂ ಈ ಕಡೆ ಬಂದಿಲ್ಲ. ಈಗ್ಲೇ ತಗೊಂಡು ಹೋಗೋ ಹಾಗಿಲ್ಲ."

"ಅವನು ಇಷ್ಟು ವರ್ಷ ನೀರಲ್ಲೇ ಇದಾನೆ," ಎಂದರು ಮಾಲ್ಸುನ್ ಅಜ್ಜಿ. "ಕಡಲ ದಂಡೆವರೆಗೆ ಬಂದಿದೀನಿ. ನನ್ನ ಮಗನ್ನ ನಾನು ಮನೆಗೆ ಕರ್ಕೊಂಡು ಹೋಗ್ತೀನಿ."

ಗುಕ್ ಸರ್ ಹಲಗೆಯನ್ನು ನೋಡಿದರು, ಕೆಂಪು ಹೆಸರನ್ನು ನೋಡಿದರು. ಟೋಪಿ ತೆಗೆದು ದಾರಿ ಬಿಟ್ಟರು.

ಮನೆಯಲ್ಲಿ ಬಾಗಿಲುಗಳನ್ನೆಲ್ಲ ತೆರೆದರು, ಬರುವವನಿಗೆ ದಾರಿ ಇರಲೆಂದು. ಮಡಚುವ ತೆರೆಯನ್ನು ಬಿಡಿಸಿ, ಮುಂದೆ ಮೇಜಿಟ್ಟು, ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ, ಹಣ್ಣು ಮುಂದಿನ ಸಾಲಿನಲ್ಲಿ ಜೋಡಿಸಿದರು. ಸತ್ತವರ ಹೆಸರು ಬರೆದ ಚೀಟಿ ಇಡುವ ಜಾಗದಲ್ಲಿ ಆ ಹಲಗೆಯನ್ನು ಒರಗಿಸಿದರು. ಅಜ್ಜಿ ಅನ್ನ ಬಡಿಸಿದರು. ಅದೇ ಬಟ್ಟಲು, ಪ್ರತಿ ಬೇಸಿಗೆಯ ಬಟ್ಟಲು. ಯೊನ್ಸಿಲ್ ಚಮಚ ತೆಗೆದುಕೊಂಡು ಎಂದಿನಂತೆ ಬಲಕ್ಕೆ ಇಡಲು ಹೋದರು, ಕೈ ತಡೆದರು. ಆಮೇಲೆ ಅದನ್ನು ಅನ್ನದ ನಡುವೆ ನೇರವಾಗಿ ನೆಟ್ಟರು. ಬದುಕಿರುವವರ ಅನ್ನದಲ್ಲಿ ಯಾರೂ ಚಮಚವನ್ನು ಹಾಗೆ ನಿಲ್ಲಿಸುವುದಿಲ್ಲ.

ಜಗಲಿಯ ಮೇಲೆ ನಿಂತಿದ್ದ ನಾನು ಆ ಬಟ್ಟಲನ್ನೂ ಹಿಂದಿನ ಹಲಗೆಯ ಚಿತ್ರವನ್ನೂ ಒಟ್ಟಿಗೆ ನೋಡಿದೆ. ದುಂಡು ತಳ, ನಡುವೆ ನೆಟ್ಟ ಗೆರೆ. ಅದು ದೋಣಿಯಾಗಿರಲಿಲ್ಲ.

ಇಬ್ಬರೂ ಎರಡು ಸಲ ಅಡ್ಡಬಿದ್ದರು. ಎರಡನೆಯ ಸಲ ಯೊನ್ಸಿಲ್ ಏಳುವುದು ತಡವಾಯಿತು. ಹಣೆ ಚಾಪೆಗೆ ಹಚ್ಚಿಕೊಂಡೇ ಇದ್ದರು, ಬೆನ್ನು ಅಲುಗುತ್ತಿತ್ತು. ಅಜ್ಜಿ ಅವರನ್ನು ಎಬ್ಬಿಸಲಿಲ್ಲ. ಪಕ್ಕದಲ್ಲಿ ಕುಳಿತು ತೆರೆದ ಬಾಗಿಲಿನಾಚೆ ನೋಡುತ್ತಿದ್ದರು. ಬಂದರಿನ ಕಡೆಯಿಂದ ಇನ್ನೂ ಭಾಷಣ ಕೇಳುತ್ತಿತ್ತು, ಗಾಳಿ ಬೀಸಿದಂತೆ ಹತ್ತಿರವಾಗುತ್ತಾ ದೂರವಾಗುತ್ತಾ.

ಎಡೆ ಎತ್ತಿದ ಮೇಲೆ ಮೂವರೂ ಉಂಡೆವು. ಉಪ್ಪು ಬಿಟ್ಟರೆ ಬೇರೆ ರುಚಿಯಿಲ್ಲದ ಸೊಪ್ಪು, ತಣ್ಣಗಾದ ಮೀನು. ಯೊನ್ಸಿಲ್ ಎರಡು ತುತ್ತು ತಿಂದು, "ಪಾತ್ರೆ ನಾನು ಆಮೇಲೆ..." ಎಂದವರು ಅಡಿಯಿಂದ ಬಿಸಿ ಮಾಡಿದ ಬೆಚ್ಚಗಿನ ನೆಲದ ಮೇಲೆ ಕುಳಿತಲ್ಲೇ ವಾಲಿದರು. ಅಜ್ಜಿ ಕಾಲಿನಿಂದ ಒಂದು ದಿಂಬನ್ನು ಅವರ ತಲೆಯ ಕೆಳಗೆ ಸರಿಸಿದರು.

"ಈ ಬೂಟು ಏನು ಮಾಡೋದು ಅಜ್ಜಿ?" ಎಂದು ನಾನು ಮೆಲ್ಲಗೆ ಕೇಳಿದೆ. ಹೊಸಿಲಿನ ಬಳಿ ಅವು ಎಂದಿನಂತೆಯೇ ಇದ್ದವು.

"ಇರಲಿ ಬಿಡಿ ಟೀಚರಮ್ಮ. ಎಲ್ಲ ಒಂದೇ ದಿನ ಮಾಡೋಕೆ ಶಕ್ತಿ ಎಲ್ಲಿದೆ?"

ಗಾಳಿಗೆ ಹೊರಬಾಗಿಲು ಒಮ್ಮೆ ದಡಾರೆಂದಿತು. ನಾನು ಬೆಚ್ಚಿದೆ. ಯೊನ್ಸಿಲ್ ಮಿಸುಕಲಿಲ್ಲ.

ಅವರ ಏಪ್ರನ್ನಿನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅಜ್ಜಿ ಎರಡು ಬೆರಳಿನಲ್ಲಿ ಅದನ್ನು ಹೊರಗೆಳೆದು, ಕನ್ನಡಕ ಮೂಗಿಗೆ ಇಳಿಸಿ, ತೋಳು ದೂರ ಚಾಚಿ, ತುಟಿ ಅಲ್ಲಾಡಿಸುತ್ತಾ ಓದಿದರು.

"ಶೆಡ್... ಶೆಡ್ಡಿನ... ಮೇಸ್ತ್ರಿ." ನನ್ನ ಕಡೆ ತಿರುಗಿ, ಸರಿಯೇ ಎಂದು ಹುಬ್ಬೇರಿಸಿದರು. ನಾನು ತಲೆಯಾಡಿಸಿದೆ.

ಅಜ್ಜಿ ಫೋನನ್ನು ಕಿವಿಗೆ ಹಿಡಿದರು. ಆ ಕಡೆಯವನು ಲೋಡಿನ ವಿಷಯ ಶುರು ಮಾಡಿರಬೇಕು.

"ಅವಳ ಮನೇಲಿ ಇವತ್ತು ಎಡೆ ಇತ್ತು," ಎಂದರು. "ಗಂಡಂದು. ಬರಲ್ಲ. ನಾಳೆನೂ ಬರಲ್ಲ." ಸ್ವಲ್ಪ ಕೇಳಿದರು. "ಮಲಗಿದಾಳೆ. ನಾನು ಎಬ್ಬಿಸಲ್ಲ."